ಕಣ ಭೌತವಿಜ್ಞಾನದ ಬರಹಗಳಲ್ಲಿ ಏಕಮಾನಗಳ ಅಚ್ಚುಕ್ರಮ: ಕನ್ನಡದ ದೃಷ್ಟಿಯಿಂದ ಒಂದು ಪರಿಶೀಲನೆ

ಜಾನಪದ ವಿದ್ಯಾರ್ಥಿಯೊಬ್ಬ ಕಣ ಭೌತವಿಜ್ಞಾನದ ಮುದ್ರಣವನ್ನು ಕುರಿತು ಬರೆಯಹೊರಟರೆ ಅದಕ್ಕೆ ಸಮಜಾಯಿಷಿ ಕೊಡಬೇಕಾಗುತ್ತದೆ. ಪಿಎಚ್.ಡಿ. ಪ್ರಬಂಧಕ್ಕಾಗಿ ಹರಕೆಯ ಆಚರಣೆಗಳನ್ನು ದಾಖಲಿಸುತ್ತಿದ್ದಾಗ, ಧಾನ್ಯದ ಅಳತೆಯಾದ ಮಾನವನ್ನೂ ಎರಡು ತೋಳು ಚಾಚಿದಷ್ಟು ಉದ್ದವಾದ ಮಾರನ್ನೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಮಾ.’ ಎಂದೇ ಗುರುತಿಸಿಕೊಂಡಿದ್ದೆ. ಬರೆಯುವಾಗ ನನಗೆ ಗೊಂದಲವಿರಲಿಲ್ಲ. ಕಣ್ಣೆದುರಿಗೆ ಅಕ್ಕಿಯೂ ಇತ್ತು, ನೂಲೂ ಇತ್ತು. ಬೆರಳಚ್ಚು ಮಾಡಿದವರ ಎದುರಿಗೆ ಎರಡೂ ಇರಲಿಲ್ಲ. ಅವರು ಎಲ್ಲೆಡೆ ‘ಮಾನ’ ಎಂದು ಬಿಡಿಸಿ, ದೇವರ ಕಂಬಕ್ಕೆ ಏಳು ಮಾನ ನೂಲನ್ನು ಸುತ್ತಿಸಿಬಿಟ್ಟರು. ತಪ್ಪು ಅವರದಲ್ಲ, ನನ್ನದು. ಅಳತೆಯ ಸಂಕೇತವಿರುವುದು ವಸ್ತುವನ್ನು ಕಾಣದ ಓದುಗನಿಗಾಗಿ ಎಂಬುದು ಅಂದು ನನಗೆ ಮನವರಿಕೆಯಾಯಿತು. ಯಾರೂ ಕಣ್ಣಾರೆ ಕಾಣಲಾಗದ ವಸ್ತುಗಳನ್ನೇ ಅಳೆಯುವ ಶಾಸ್ತ್ರದಲ್ಲಿ ಈ ಸಮಸ್ಯೆ ಹೇಗೆ ನಿರ್ವಹಣೆಯಾಗಿದೆ ಎಂಬ ಕುತೂಹಲ ಹುಟ್ಟಿದ್ದು ಅಲ್ಲಿಂದ.

ಕಣ ಭೌತವಿಜ್ಞಾನದ ಮುಖ್ಯ ಏಕಮಾನ ಇಲೆಕ್ಟ್ರಾನ್‌ವೋಲ್ಟ್. ಒಂದು ಇಲೆಕ್ಟ್ರಾನು ಒಂದು ವೋಲ್ಟಿನಷ್ಟು ವಿಭವಾಂತರವನ್ನು ಹಾಯ್ದು ಗಳಿಸುವ ಶಕ್ತಿ ಇದು. 2019ರಲ್ಲಿ ಅಂತಾರಾಷ್ಟ್ರೀಯ ಮಾನ ಪದ್ಧತಿ ಪರಿಷ್ಕೃತವಾದ ಮೇಲೆ ಇದರ ಬೆಲೆ 1.602176634 × 10⁻¹⁹ ಜೂಲ್ ಎಂದು ನಿಖರವಾಗಿ ನಿಗದಿಯಾಗಿದೆ. ರೋಮನ್ ಲಿಪಿಯಲ್ಲಿ ಇದರ ಸಂಕೇತ ಎರಡೇ ಅಕ್ಷರ: ಸಣ್ಣ ‘ಇ’, ದೊಡ್ಡ ‘ವಿ’. ವೋಲ್ಟಾ ಎಂಬ ವಿಜ್ಞಾನಿಯ ಹೆಸರಿನಿಂದ ಬಂದದ್ದರಿಂದ ‘ವಿ’ ದೊಡ್ಡದು. ಸಂಕೇತವನ್ನು ನೆಟ್ಟಗಿನ ಅಚ್ಚಿನಲ್ಲಿಯೂ, ರಾಶಿಯನ್ನು ಸೂಚಿಸುವ ಅಕ್ಷರವನ್ನು ಓರೆ ಅಚ್ಚಿನಲ್ಲಿಯೂ ಜೋಡಿಸಬೇಕು. ಅಂಕಿಗೂ ಸಂಕೇತಕ್ಕೂ ನಡುವೆ ತೆರಪು ಇರಬೇಕು. ಆ ತೆರಪಿನಲ್ಲಿ ಸಾಲು ಮುರಿಯಬಾರದು. ಸಂಕೇತಕ್ಕೆ ಬಹುವಚನವಿಲ್ಲ, ಮುಂದೆ ಚುಕ್ಕೆಯೂ ಇಲ್ಲ. ಕಣದ ದ್ರವ್ಯರಾಶಿಯನ್ನು ಇಲೆಕ್ಟ್ರಾನ್‌ವೋಲ್ಟನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿ ಬರೆಯುವಾಗ, ವೇಗದ ಸಂಕೇತವಾದ ‘ಸಿ’ ಮಾತ್ರ ಓರೆಯಾಗಿರುತ್ತದೆ. ಏಕೆಂದರೆ ಅದು ಏಕಮಾನವಲ್ಲ, ಒಂದು ರಾಶಿ.

ಇವು ಅಚ್ಚುಮನೆಯ ಮಡಿವಂತಿಕೆಯಂತೆ ತೋರಬಹುದು. ಆದರೆ ಇಲ್ಲಿ ಅಕ್ಷರದ ಆಕಾರವೇ ಅರ್ಥವನ್ನು ಹೊರುತ್ತದೆ. ರೋಮನ್ನಿನ ಸಣ್ಣ ‘ಎಂ’ ಮಿಲಿ, ಅಂದರೆ ಸಾವಿರದ ಒಂದಂಶ. ದೊಡ್ಡ ‘ಎಂ’ ಮೆಗಾ, ಅಂದರೆ ಹತ್ತು ಲಕ್ಷ. ಎರಡರ ನಡುವಿನ ಅಂತರ ನೂರು ಕೋಟಿ ಪಟ್ಟು. ಬೇರೆ ಶಾಸ್ತ್ರಗಳಲ್ಲಿ ಸಂದರ್ಭವೇ ಓದುಗನನ್ನು ಕಾಪಾಡೀತು. ನ್ಯೂಟ್ರಿನೋ ಕುರಿತ ಬರಹದಲ್ಲಿ ಹಾಗಾಗದು. ಪರಮಾಣು ಸ್ಥಾವರದಿಂದ ಹೊಮ್ಮುವ ಪ್ರತಿನ್ಯೂಟ್ರಿನೋಗಳ ಶಕ್ತಿ ಕೆಲವು ಮೆಗಾ ಇಲೆಕ್ಟ್ರಾನ್‌ವೋಲ್ಟ್. ನ್ಯೂಟ್ರಿನೋಗಳಲ್ಲಿ ಒಂದಾದರೂ ಕನಿಷ್ಠ ಸುಮಾರು 50 ಮಿಲಿ ಇಲೆಕ್ಟ್ರಾನ್‌ವೋಲ್ಟಿನಷ್ಟು ದ್ರವ್ಯರಾಶಿಯುಳ್ಳದ್ದೆಂದು ಅವುಗಳ ರೂಪಾಂತರದ ಪ್ರಯೋಗಗಳು ತಿಳಿಸುತ್ತವೆ. ಒಂದೇ ಪುಟದಲ್ಲಿ ಎರಡೂ ಬರುತ್ತವೆ, ಎರಡೂ ಸಹಜವಾದ ಬೆಲೆಗಳೇ.

ಇಂತಹ ಗೊಂದಲದಿಂದ ಒಂದು ಸಂಕೇತವೇ ಬಳಕೆ ತಪ್ಪಿದ ನಿದರ್ಶನವೂ ಉಂಟು. ಅಮೆರಿಕದವರು ಬಹುಕಾಲ ನೂರು ಕೋಟಿ ಇಲೆಕ್ಟ್ರಾನ್‌ವೋಲ್ಟನ್ನು ಬಿಲಿಯನ್ನಿನ ಮೊದಲಕ್ಷರ ಸೇರಿಸಿ ‘ಬಿಇವಿ’ ಎಂದು ಬರೆಯುತ್ತಿದ್ದರು. ಬರ್ಕ್‌ಲಿಯಲ್ಲಿ 1954ರಲ್ಲಿ ಕಾರ್ಯಾರಂಭ ಮಾಡಿದ, ಮರುವರ್ಷ ಪ್ರತಿಪ್ರೋಟಾನನ್ನು ಹೊರಗೆಡಹಿದ ಬೆವಟ್ರಾನ್ ಯಂತ್ರದ ಹೆಸರು ಇದರಿಂದಲೇ ಬಂದದ್ದು. ಆದರೆ ಅಂದಿನ ಬ್ರಿಟಿಷ್ ಬಳಕೆಯಲ್ಲಿ ಬಿಲಿಯನ್ ಎಂದರೆ ಅಮೆರಿಕದ ಬಿಲಿಯನ್ನಿನ ಸಾವಿರ ಪಟ್ಟು. ಒಂದೇ ಹೆಸರು ಎರಡು ಸೀಮೆಗಳಲ್ಲಿ ಎರಡು ಅಳತೆಯಾಗುವುದು ನಮ್ಮ ಸೇರು, ಕೊಳಗಗಳ ಕಥೆಯೂ ಹೌದಷ್ಟೆ. ಕ್ರಮೇಣ ‘ಗಿಗಾ’ ಎಂಬ ನಿಶ್ಚಿತ ಪೂರ್ವಪದ ಅದರ ಸ್ಥಾನಕ್ಕೆ ಬಂದಿತು. ಸಂಕೇತ ಅಳಿದರೂ ಯಂತ್ರದ ಹೆಸರಿನಲ್ಲಿ ಅದರ ಪಳೆಯುಳಿಕೆ ನಿಂತಿದೆ.

ಜಾನಪದದ ಕಣ್ಣಿಗೆ ಇನ್ನೂ ಸ್ವಾರಸ್ಯಕರವಾದ ಏಕಮಾನ ‘ಬಾರ್ನ್’. ಎರಡು ಕಣಗಳು ಪರಸ್ಪರ ತಾಗುವ ಸಂಭವವನ್ನು ಭೌತವಿಜ್ಞಾನಿಗಳು ವಿಸ್ತೀರ್ಣದ ರೂಪದಲ್ಲಿ ಅಳೆಯುತ್ತಾರೆ. ಅದಕ್ಕೆ ಅಡ್ಡಛೇದವೆಂದು ಹೆಸರು. 10⁻²⁸ ಚದರ ಮೀಟರ್ ಒಂದು ಬಾರ್ನ್. ಈ ಹೆಸರನ್ನಿಟ್ಟವರು ಯುದ್ಧಕಾಲದಲ್ಲಿ, 1942ರ ಡಿಸೆಂಬರಿನಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಷಲ್ ಹಾಲೋವೆ ಮತ್ತು ಚಾರ್ಲ್ಸ್ ಬೇಕರ್. ಮೂವತ್ತು ವರ್ಷಗಳ ಅನಂತರ, 1972ರಲ್ಲಿ, ಅವರೇ ಇದರ ವೃತ್ತಾಂತವನ್ನು ಪ್ರಕಟಿಸಿದರು. ಓಪನ್‌ಹೈಮರ್ ಹೆಸರನ್ನಿಡೋಣವೆಂದರೆ ಅದು ಉದ್ದವಾಯಿತು. ಬೇಥೆ ಎಂದರೆ ಗ್ರೀಕ್ ಅಕ್ಷರ ಬೀಟಾದೊಡನೆ ಗೊಂದಲ. ಜಾನ್ ಮ್ಯಾನ್ಲಿಯವರ ‘ಜಾನ್’ ಎಂಬ ಪದಕ್ಕೆ ಅಮೆರಿಕದ ಆಡುಮಾತಿನಲ್ಲಿ ಶೌಚಗೃಹವೆಂಬ ಅರ್ಥವೂ ಇತ್ತು. ಕೊನೆಗೆ, ಹಳ್ಳಿಗಾಡಿನ ಹಿನ್ನೆಲೆಯವರೊಬ್ಬರು ಇದ್ದುದರಿಂದ, ಬೀಜಕೇಂದ್ರದ ಲೆಕ್ಕಕ್ಕೆ ಇಷ್ಟು ವಿಸ್ತೀರ್ಣವೆಂದರೆ ರೈತನ ಬಾರ್ನಿನಷ್ಟು ದೊಡ್ಡದೇ ಸರಿ ಎಂಬ ಮಾತು ಬಂದು ಹೆಸರು ನಿಂತಿತು. ಹುಲ್ಲು, ಧಾನ್ಯ, ದನಕರುಗಳಿಗೆಲ್ಲ ಆಶ್ರಯವಾದ ದೊಡ್ಡ ಕಟ್ಟಡ ಅಲ್ಲಿನ ಬಾರ್ನ್. ನಮ್ಮ ಕಣಜವೂ ಕೊಟ್ಟಿಗೆಯೂ ಕೂಡಿದ್ದು ಎನ್ನಬಹುದು. ಇದರ ಬೆನ್ನಿಗೇ ಇನ್ನೂ ಚಿಕ್ಕ ಅಳತೆಗಳಿಗೆ ಜೋಪಡಿ, ಹಿತ್ತಿಲ ಪಾಯಖಾನೆ ಎಂಬರ್ಥದ ಹೆಸರುಗಳನ್ನೂ ಪರಿಹಾಸ್ಯಕ್ಕಾಗಿ ಕಟ್ಟಲಾಯಿತು. ಅವು ಬಳಕೆಗೆ ಬರಲಿಲ್ಲ, ಬಾರ್ನ್ ಮಾತ್ರ ಉಳಿಯಿತು. ವಿಜ್ಞಾನಿಗಳ ವೃತ್ತಿಜಾನಪದವೆಂಬ ವರ್ಗವೊಂದನ್ನು ನಮ್ಮ ಅಧ್ಯಯನಗಳು ಒಪ್ಪಿಕೊಳ್ಳುವುದಾದರೆ ಮೊದಲ ದಾಖಲೆಯಾಗಿ ನಾನು ಸೂಚಿಸುವುದು ಇದನ್ನೇ. ಇದನ್ನು ‘ಕಣಜ’ ಎಂದು ಅನುವಾದಿಸುವ ಆಸೆ ನನಗೂ ಆದದ್ದುಂಟು. ಆದರೆ ಸೇರನ್ನು ಯಾರೂ ಅನುವಾದಿಸುವುದಿಲ್ಲ. ಏಕಮಾನ ಅಂಕಿತನಾಮವಿದ್ದಂತೆ, ಹಾಗೆಯೇ ಇರಬೇಕು.

ಇನ್ನು ಈ ಸಂಕೇತಗಳನ್ನು ಒಂದೇ ಕ್ರಮದಲ್ಲಿ ಅಚ್ಚಿಗೆ ತರುವ ಬಗೆ. ಹಿಂದೆ ನಿಯತಕಾಲಿಕದ ಮೊಳೆ ಜೋಡಿಸುವವರೂ ಕರಡು ತಿದ್ದುವವರೂ ಈ ಹೊಣೆಯನ್ನು ಹೊತ್ತಿದ್ದರು. ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಹಾಗೂ ಅದರ ಮೇಲೆ ಕಟ್ಟಿದ ಲೇಟೆಕ್ ಬಂದ ಮೇಲೆ ಲೇಖಕರೇ ಮೊಳೆ ಜೋಡಿಸುವವರಾದರು. ಲೇಖಕರೆಂದರೆ ಒಬ್ಬಿಬ್ಬರಲ್ಲ. ಸರ್ನ್ ಸಂಸ್ಥೆಯ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳು ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಒಟ್ಟಾಗಿ ಪ್ರಕಟಿಸಿದ ಲೇಖನಕ್ಕೆ 5,154 ಕರ್ತೃಗಳು. 33 ಪುಟಗಳಲ್ಲಿ 24 ಪುಟಗಳನ್ನು ಕರ್ತೃಗಳ ಮತ್ತು ಸಂಸ್ಥೆಗಳ ಪಟ್ಟಿಯೇ ಆಕ್ರಮಿಸಿತ್ತು. ಬಹುಕರ್ತೃಕ ಪಠ್ಯದಲ್ಲಿ ಪಾಠಾಂತರಗಳು ಹುಟ್ಟುವುದು ಮೌಖಿಕ ಕಾವ್ಯಗಳಲ್ಲಿ ದುಡಿದವರಿಗೆ ಹೊಸದೇನಲ್ಲ. ಒಬ್ಬರು ತೆರಪು ಬಿಡುತ್ತಾರೆ, ಇನ್ನೊಬ್ಬರು ಬಿಡುವುದಿಲ್ಲ. ಒಬ್ಬರು ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿ ಬರೆದರೆ, ಆ ವೇಗವನ್ನೇ ಒಂದೆಂದು ಎಣಿಸುವ ಪರಿಪಾಠದವರು ಬರಿಯ ಗಿಗಾ ಇಲೆಕ್ಟ್ರಾನ್‌ವೋಲ್ಟ್ ಎನ್ನುತ್ತಾರೆ. ಎರಡೂ ಸರಿಯೇ, ಒಂದೇ ಲೇಖನದಲ್ಲಿ ಬೆರೆತರೆ ಓದುಗನಿಗೆ ಶಕ್ತಿ ಯಾವುದು, ಸಂವೇಗ ಯಾವುದು, ದ್ರವ್ಯರಾಶಿ ಯಾವುದು ಎಂಬುದು ತಿಳಿಯದಾಗುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ಲೇಖಕ ಅಕ್ಷರಗಳನ್ನು ಬಿಡಿಬಿಡಿಯಾಗಿ ಕೀಲಿಸುವುದಿಲ್ಲ. ಏಕಮಾನದ ಹೆಸರನ್ನು ಆಜ್ಞೆಯಾಗಿ ಕೊಡುತ್ತಾನೆ. ಅದರ ರೂಪ, ತೆರಪು, ಘಾತಾಂಕಗಳನ್ನು ಬೇರೊಂದು ಕಡೆ ಒಮ್ಮೆ ಮಾತ್ರ ನಿರೂಪಿಸಲಾಗಿರುತ್ತದೆ. 2008ರಿಂದ ಬಳಕೆಯಲ್ಲಿರುವ ‘ಎಸ್‌ಐಯುನಿಟ್‌ಎಕ್ಸ್’ ಎಂಬ ಲೇಟೆಕ್ ಪೂರಕ ಎಲ್ಲ ವಿಜ್ಞಾನಗಳಿಗೂ ಸಲ್ಲುವಂಥದು. ‘ಹೆಪ್‌ಯುನಿಟ್ಸ್’ ಕಣ ಭೌತವಿಜ್ಞಾನಕ್ಕೆಂದೇ ಸಿದ್ಧವಾದದ್ದು. ಇಲ್ಲಿನ ಸೂಕ್ಷ್ಮತೆಗೆ ಒಂದು ಉದಾಹರಣೆ: ರೋಮನ್ ‘ವಿ’ಯ ಮೈ ಓರೆಯಾಗಿರುವುದರಿಂದ ‘ಇ’ ಮತ್ತು ‘ವಿ’ಗಳ ನಡುವೆ ಬಿರುಕು ಬಿಟ್ಟಂತೆ ಕಾಣುತ್ತದೆ. ಹಲವು ಪ್ರಯೋಗಗಳ ಲೇಖನ ಮಾದರಿಗಳು ಅವೆರಡನ್ನೂ ಅಕ್ಷರದ ಅಳತೆಯ ಹತ್ತನೆಯ ಒಂದಂಶದಷ್ಟು ಹತ್ತಿರಕ್ಕೆ ಎಳೆಯುತ್ತವೆ. ಕೈಯಿಂದ ಪ್ರತಿಸಾರಿ ಹೀಗೆ ಮಾಡುವುದು ಯಾರಿಗೂ ಸಾಧ್ಯವಿಲ್ಲ.

ಈ ಚರ್ಚೆ ಕನ್ನಡ ನಾಡಿಗೆ ಹೊರತಾದುದಲ್ಲ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಮೊದಲಿಗೆ ಗುರುತಿಸಿದ ಎರಡು ತಂಡಗಳಲ್ಲಿ ಒಂದು ಕೆಲಸ ಮಾಡಿದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ. ಇನ್ನೊಂದು ದಕ್ಷಿಣ ಆಫ್ರಿಕದ ಗಣಿಯಲ್ಲಿ. ಗಣಿಯ ಆಳವನ್ನು ಇಂತಹ ಲೇಖನಗಳಲ್ಲಿ ಬರಿಯ ಮೀಟರಿನಲ್ಲಿ ಹೇಳಿದರೆ ಸಾಲದು. ಕಣಗಳನ್ನು ತಡೆಯುವುದು ಬಂಡೆಯ ತೂಕ. ಕೋಲಾರದ ಬಂಡೆ ನೀರಿಗಿಂತ ಸುಮಾರು ಮೂರು ಪಟ್ಟು ಸಾಂದ್ರವಾದ್ದರಿಂದ ಆ ಆಳ ಸುಮಾರು 7,000 ಮೀಟರ್ ನೀರಿಗೆ ಸಮ. ಇದನ್ನೇ ಚದರ ಸೆಂಟಿಮೀಟರಿಗೆ ಇಷ್ಟು ಹೆಕ್ಟೋಗ್ರಾಂ ಎಂದೂ ಬರೆಯುವುದುಂಟು, ಅಂಕಿ ಬದಲಾಗುವುದಿಲ್ಲ. ಹೆಕ್ಟೋಗ್ರಾಮಿನ ರೋಮನ್ ಸಂಕೇತದಲ್ಲಿ ‘ಎಚ್’ ಸಣ್ಣದಿರಬೇಕು. ದೊಡ್ಡದಾದರೆ ಅದು ಪಾದರಸ.

ಇಂತಹ ಸಂಗತಿಗಳನ್ನು ಕನ್ನಡದಲ್ಲಿ ಬರೆಯುವವರ ತೊಡಕು ಈಗ ಸ್ಪಷ್ಟವಾದೀತು. ನಮ್ಮ ಲಿಪಿಯಲ್ಲಿ ಸಣ್ಣಕ್ಷರ, ದೊಡ್ಡಕ್ಷರಗಳೆಂಬ ಭೇದವಿಲ್ಲ. ಓರೆ ಅಚ್ಚಿಗೆ ಸ್ವತಂತ್ರವಾದ ಪರಂಪರೆಯೂ ಇಲ್ಲ. ರೋಮನ್ ಅಕ್ಷರಗಳ ಹೆಸರನ್ನೇ ಕನ್ನಡಿಸಿ ‘ಎಂಇವಿ’ ಎಂದರೆ ಮಿಲಿಯೋ ಮೆಗಾವೋ ಹೇಳಲಾಗದು. ಇದು ನನ್ನ ‘ಮಾ.’ ಮಾಡಿದ ಅನಾಹುತವೇ, ನೂರು ಕೋಟಿ ಪಟ್ಟು. ಆದರೆ ರೋಮನ್ ಲಿಪಿ ಅಕ್ಷರದ ಗಾತ್ರದಿಂದ ಮಾಡುವ ಕೆಲಸವನ್ನು ನಮ್ಮ ಗುಣಿತಾಕ್ಷರ ಸ್ವರಚಿಹ್ನೆಯಿಂದಲೇ ಮಾಡಬಲ್ಲದು: ‘ಮಿ’ ಎಂದರೆ ಮಿಲಿ, ‘ಮೆ’ ಎಂದರೆ ಮೆಗಾ, ‘ಮೈ’ ಎಂದರೆ ಮೈಕ್ರೊ. ಮೊದಲ ಸಲ ಪೂರ್ಣರೂಪವನ್ನು ಕೊಟ್ಟು ಅನಂತರ ‘ಮೆ.ಇ.ವೋ.’ ಎಂದು ಬಳಸಬಹುದು. ಸಂಕೇತಕ್ಕೆ ಚುಕ್ಕೆ ಸಲ್ಲದೆಂಬ ಅಂತಾರಾಷ್ಟ್ರೀಯ ನಿಯಮ ರೋಮನ್ ಸಂಕೇತಗಳನ್ನು ಕುರಿತದ್ದು, ‘ಕಿ.ಮೀ.’ ಎಂದು ರೂಢಿಯಾಗಿರುವ ಕನ್ನಡದ ಹ್ರಸ್ವರೂಪಗಳನ್ನು ಅದಕ್ಕಾಗಿ ಬಿಡಬೇಕಿಲ್ಲ. ವಿಭಕ್ತಿ ಪ್ರತ್ಯಯವನ್ನು ಮಾತ್ರ ಹ್ರಸ್ವರೂಪಕ್ಕೆ ಹಚ್ಚದೆ, ಪ್ರತ್ಯಯ ಬೇಕಾದಲ್ಲಿ ‘125 ಗಿಗಾ ಇಲೆಕ್ಟ್ರಾನ್‌ವೋಲ್ಟಿನ’ ಎಂದು ಪೂರ್ಣರೂಪವನ್ನೇ ಬಳಸುವುದು ಮೇಲು.

ವಿಲೋಮ ಏಕಮಾನಗಳ ವಿಷಯದಲ್ಲಿ ಕನ್ನಡ ಇನ್ನೂ ಅನುಕೂಲಕರವಾಗಿದೆ. ಸರ್ನ್ ಸಂಸ್ಥೆಯ ದೊಡ್ಡ ಯಂತ್ರ 2015ರಿಂದ 2018ರವರೆಗೆ ಅಟ್ಲಾಸಿಗೂ ಸಿಎಂಎಸ್‌ಗೂ ಒದಗಿಸಿದ ಬಳಕೆಯೋಗ್ಯ ದತ್ತಾಂಶ ತಲಾ ಸುಮಾರು 140 ವಿಲೋಮ ಫೆಮ್ಟೊಬಾರ್ನ್. ಹಿಗ್ಸ್ ಕಣ ಹುಟ್ಟುವ ಅಡ್ಡಛೇದ ಸುಮಾರು 55 ಪಿಕೊಬಾರ್ನ್, ಅಂದರೆ 55,000 ಫೆಮ್ಟೊಬಾರ್ನ್. ಎರಡನ್ನೂ ಗುಣಿಸಿದರೆ ಪ್ರತಿಯೊಂದು ಪ್ರಯೋಗದೊಳಗೂ ಸುಮಾರು 77 ಲಕ್ಷ ಹಿಗ್ಸ್ ಕಣಗಳು ಹುಟ್ಟಿದವೆಂದಾಯಿತು. ಇಲ್ಲಿ ಪದಗಳ ಕ್ರಮ ತಪ್ಪಿ ‘ಫೆಮ್ಟೊ ವಿಲೋಮ ಬಾರ್ನ್’ ಎಂದಾದರೆ ಬೆಲೆ 10³⁰ ಪಟ್ಟು ಕುಸಿಯುತ್ತದೆ. ವಿಲೋಮತೆ ಪೂರ್ವಪದವನ್ನೂ ಒಳಗೊಳ್ಳಬೇಕು. ಸಂತೆಯಲ್ಲಿ ನಾವು ‘ಸೇರಿಗೆ ಎಷ್ಟು?’ ಎಂದು ಕೇಳುತ್ತೇವೆ. ಆ ಚತುರ್ಥಿ ವಿಭಕ್ತಿಯೇ ವಿಲೋಮ. ‘ಫೆಮ್ಟೊಬಾರ್ನಿಗೆ 140’ ಎಂದರೆ ಅರ್ಥ ಪೂರ್ಣವಾಗುತ್ತದೆ, ಕ್ರಮ ತಪ್ಪುವ ಅವಕಾಶವೂ ಇರುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಪೆಟಾ ಎಂದರೆ 10¹⁵, ಫೆಮ್ಟೊ ಎಂದರೆ 10⁻¹⁵. ಹ್ರಸ್ವಗೊಳಿಸಿದರೆ ‘ಪೆ’ ಮತ್ತು ‘ಫೆ’ಗಳ ನಡುವೆ ಉಳಿಯುವುದು ಮಹಾಪ್ರಾಣದ ಒಂದು ಸೀಳು ಗೆರೆ. ಸಣ್ಣ ಅಚ್ಚಿನಲ್ಲಿ ಅದು ಅಳಿಸಿಹೋಗುತ್ತದೆ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಪ್ರಯೋಗ ಸುಮಾರು ಒಂದು ಪೆಟಾ ಇಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಿನೋಗಳನ್ನು 2013ರಲ್ಲಿ ವರದಿ ಮಾಡಿದ ಮೇಲೆ ಈ ಎರಡು ಪೂರ್ವಪದಗಳೂ ಒಂದೇ ಗ್ರಂಥದಲ್ಲಿ ಬರುವ ಸಂದರ್ಭಗಳು ಹೆಚ್ಚಿವೆ. ಆದಕಾರಣ ಇವೆರಡನ್ನು ಮಾತ್ರ, ಕೋಷ್ಟಕಗಳಲ್ಲಿಯೂ ಚಿತ್ರಗಳ ಅಡಿಬರಹಗಳಲ್ಲಿಯೂ ಸೇರಿದಂತೆ, ಎಲ್ಲಿಯೂ ಹ್ರಸ್ವಗೊಳಿಸದೆ ಪೂರ್ಣವಾಗಿ ಅಚ್ಚು ಹಾಕಬೇಕೆಂಬುದು ನನ್ನ ಸೂಚನೆ.