ಕಾದಂಬರಿಕಾರ ಓದಿದ್ದೆಲ್ಲ ನನಗೇಕೆ?

ಈಚೆಗೆ ಬರುತ್ತಿರುವ ಕನ್ನಡ ಕಾದಂಬರಿಗಳನ್ನು ಹಿಂದಿನ ಪುಟದಿಂದ ಬಿಡಿಸಿದರೆ ಹಲವುಗಳಲ್ಲಿ ಮೊದಲು ಸಿಗುವುದು ಗ್ರಂಥಋಣ. ಜತೆಗೊಂದು ನಕ್ಷೆ, ಅಡಿಟಿಪ್ಪಣಿ, ಲೇಖಕರು ಸುತ್ತಿಬಂದ ಊರುಗಳ ಪ್ರಸ್ತಾಪ. ಕಾದಂಬರಿಕಾರರು ತಯಾರಾಗಿಯೇ ಬರುತ್ತಾರೆ, ಸಂತೋಷ. ಆದರೆ ಅಷ್ಟು ಕಷ್ಟಪಟ್ಟು ತಿಳಿದುಕೊಂಡದ್ದನ್ನು ಪೂರ್ತಿ ಪುಟದ ಮೇಲೆ ಸುರಿಯದೆ ತಡೆದುಕೊಳ್ಳುವವರು ಎಷ್ಟು ಮಂದಿ? ಚಾರಿತ್ರಿಕ, ರೋಚಕ, ವೈಜ್ಞಾನಿಕ, ಕೌಟುಂಬಿಕ ಎಂದು ಅಂಗಡಿಯವರು ಬೇರೆ ಬೇರೆ ಸಾಲು ಮಾಡಿಕೊಳ್ಳಲಿ. ನನ್ನ ಕಪಾಟಿನಲ್ಲಿರುವುದು ಎರಡೇ ಸಾಲು: ಗೊತ್ತಿದ್ದದ್ದನ್ನು ಹೇಳಿಬಿಟ್ಟವು, ಗೊತ್ತಿದ್ದೂ ಬಾಯಿ ಬಿಗಿಹಿಡಿದವು.

ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಎರಡು ಸಾಲಿಗೂ ಸಲ್ಲುವ ಪುಸ್ತಕ. ಹದಿನಾರನೆಯ ಶತಮಾನದ ಆಸುಪಾಸಿನ ಲಿಸ್ಬನ್, ವಿಜಯನಗರ, ಗೋವಾ ಮೂರನ್ನೂ ಒಂದೇ ನೂಲಿನಲ್ಲಿ ಪೋಣಿಸುವ ಧೈರ್ಯ ಸಣ್ಣದಲ್ಲ. ಪೋರ್ಚುಗಲ್‌ನ ಯಹೂದಿಗಳನ್ನು 1497ರಲ್ಲಿ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ್ದು, 1510ರಲ್ಲಿ ಅಲ್ಬುಕರ್ಕ್ ಗೋವಾ ಗೆದ್ದದ್ದು ಇತಿಹಾಸದ ಪಾಠದಲ್ಲಿ ಒಂದೊಂದು ಸಾಲಿನ ಸಂಗತಿಗಳು. ಇಲ್ಲಿ ಬಡ ಹುಡುಗ ಗೇಬ್ರಿಯಲ್ ಯಹೂದಿ ಹುಡುಗಿ ಬೆಲ್ಲಾಳನ್ನು ಮದುವೆಯಾಗುವ ಆಸೆಯಿಂದ ಹಣ ಸಂಪಾದಿಸಲು ಹಡಗು ಹತ್ತುತ್ತಾನೆ. ಆ ಕಾಲದ ಮತದ ಭಯ, ಮೆಣಸಿನ ಆಸೆ ಎಲ್ಲವೂ ಅವನ ಬೆನ್ನಿಗೆ ಬಿದ್ದು ನಮ್ಮ ತನಕ ಬರುತ್ತವೆ. ಲಿಸ್ಬನ್ನಿನ ಪುಟಗಳನ್ನು ನಾನು ಉಸಿರು ಬಿಗಿಹಿಡಿದು ಓದಿದೆ. ಇತ್ತ ತುಂಗಭದ್ರೆಯ ದಡಕ್ಕೆ ಬಂದಾಗ ಮಾತ್ರ, ಲೆಂಕ ಪದ್ಧತಿ, ಸಹಗಮನ, ಜಾತ್ರೆ, ಪಂದ್ಯ ಎಲ್ಲವನ್ನೂ ನಮಗೆ ತೋರಿಸಲೇಬೇಕೆಂಬ ಹಟ ಅಲ್ಲಲ್ಲಿ ಇಣುಕಿತು. ಒಡೆಯನಿಗಾಗಿ ತಲೆ ಕೊಡುವ ಲೆಂಕರ ಹರಕೆಯ ಬಗ್ಗೆ ಶಾಸನಗಳಲ್ಲಿ ಇರುವುದನ್ನು ಲೇಖಕರು ಬಲ್ಲರು ಎಂದು ನನಗೆ ಒಮ್ಮೆ ಮನವರಿಕೆಯಾದರೆ ಸಾಕಿತ್ತು. ಹಾಗಿದ್ದೂ ಈ ದಡದ ಕತೆಯ ನಾಯಕಿ ಹಂಪಮ್ಮನನ್ನು ಮರೆಯಲಾಗಲಿಲ್ಲ. ದೊರೆಗಳ ಇತಿಹಾಸ ಬರೆಯುವವರು ಬೇಕಾದಷ್ಟು ಜನ. ದೊರೆಯ ಹರಕೆಗೆ ಸಂಸಾರ ಒತ್ತೆ ಇಟ್ಟವರ ಕಡೆಯಿಂದ ವಿಜಯನಗರವನ್ನು ನೋಡಿದ್ದು ಈ ಪುಸ್ತಕದ ಹೆಚ್ಚುಗಾರಿಕೆ. ಅಂದಹಾಗೆ, ಇದರ ಪಕ್ಕದಲ್ಲಿ ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ವನ್ನು (2009) ಇಟ್ಟು ಓದಿ. ಅದು ಅದೇ ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟು ತೆಂಕಣಕ್ಕೆ ಹೊರಟ ಸಾರಸ್ವತರ ಕತೆ. ಒಂದೇ ಊರಿಗೆ ಬಂದವನನ್ನೂ ಬಿಟ್ಟವರನ್ನೂ ಎರಡು ಕನ್ನಡ ಕಾದಂಬರಿಗಳು ಹಿಡಿದಿಟ್ಟಿವೆ.

ಮಾಹಿತಿಯನ್ನು ನಾಚಿಕೆಯಿಲ್ಲದೆ ಮುಂದಿಡುವವರು ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿ, ಕತೆಯಲ್ಲೂ ಅಡಿಟಿಪ್ಪಣಿ, ಚಿತ್ರ, ಆಕರ ಕೊಟ್ಟೇ ತೀರುತ್ತಾರೆ. ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ಆಕೃತಿಯ ಬೆನ್ನು ಹತ್ತುತ್ತದೆ. ಅಮೆರಿಕದ ಬೆಳೆ, ಕೊಲಂಬಸ್ಸನಿಗಿಂತ ಮುಂಚೆ ಸೋಮನಾಥಪುರಕ್ಕೆ ಹೇಗೆ ಬಂತು? ವಿದ್ವಾಂಸರು ನಿಜವಾಗಿಯೂ ಕಿತ್ತಾಡಿದ ಪ್ರಶ್ನೆ ಇದು. ನನಗೆ ಗಣೇಶಯ್ಯನವರ ಪಾತ್ರಗಳು ನೆನಪಿಲ್ಲ, ಹೆಸರುಗಳಂತೂ ಇಲ್ಲವೇ ಇಲ್ಲ. ಪ್ರಶ್ನೆಗಳು ನೆನಪಿವೆ. ಕನ್ನಡದಲ್ಲಿ ಹೀಗೆ ಪ್ರಶ್ನೆಯನ್ನೇ ನಾಯಕನನ್ನಾಗಿ ಮಾಡಿಕೊಂಡವರು ವಿರಳ ಎನ್ನುವುದು ಅವರ ಗೆಲುವು. ಪುಸ್ತಕ ಮುಚ್ಚಿದ ಮೇಲೆ ಯಾರ ಬಗೆಗೂ ಮರುಕ ಹುಟ್ಟದಿರುವುದು ಅವರು ತೆತ್ತ ಬೆಲೆ. ತೇಜಸ್ವಿಯವರ ‘ಕರ್ವಾಲೊ’ದಲ್ಲೂ (1980) ಹಾರುವ ಓತಿಯ ವಿಜ್ಞಾನವಿದೆ. ಆದರೆ ಅದು ಮಂದಣ್ಣನ ಮದುವೆ, ಪ್ಯಾರನ ಗಡಿಬಿಡಿ, ಕರಿಯಪ್ಪನ ಬಾಯಿಚಪಲದ ಜತೆ ಬೆರೆತು ಬರುವುದರಿಂದ ನಾವು ಕಲಿಯುತ್ತಿದ್ದೇವೆ ಅಂತಲೇ ಅನ್ನಿಸುವುದಿಲ್ಲ. ನಲವತ್ತು ವರ್ಷ ಕಳೆದರೂ ಆ ಹದ ಇನ್ನೊಬ್ಬರ ಕೈಗೆ ಸಿಕ್ಕಂತಿಲ್ಲ.

ಎಸ್.ಎಲ್. ಭೈರಪ್ಪನವರ ‘ಆವರಣ’ದಲ್ಲಿ (2007) ನಾಯಕಿ ಓದಿದ ಆಕರಗಳ ಪಟ್ಟಿಯೇ ಕತೆಯೊಳಗೆ ಬಂದು ಕೂತಿತ್ತು. ‘ಯಾನ’ದಲ್ಲಿ (2014) ಅವರು ಮನುಷ್ಯರನ್ನು ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದತ್ತ, ಮರಳಿ ಬಾರದ ಪ್ರಯಾಣಕ್ಕೆ ಕಳಿಸುತ್ತಾರೆ. ನೌಕೆಯ ಯಂತ್ರವಿವರಗಳನ್ನು ನಾನು ಸರಸರ ದಾಟಿಕೊಂಡೆ. ಸಮಾಜವೇ ಇಲ್ಲದ ಕಡೆ ಗಂಡು-ಹೆಣ್ಣಿನ ನೀತಿ ಯಾರಿಗೆ ಬೇಕು, ಭೂಮಿಯನ್ನೇ ಕಾಣದ ಮಕ್ಕಳಿಗೆ ಧರ್ಮ ಎಂದರೇನು ಎಂದು ಕೇಳತೊಡಗಿದಾಗ ಪಟ್ಟು ಹಿಡಿದು ಕೂತೆ. ವಿಜ್ಞಾನದ ಕಾದಂಬರಿ ಎಂದು ಕರೆಸಿಕೊಂಡರೂ ಅದು ಅವರ ಹಳೆಯ ತತ್ವಚಿಂತೆಯದೇ ಮುಂದುವರಿಕೆ.

ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ನನಗೆ ಹೆಚ್ಚು ಇಷ್ಟವಾಗಲು ಕಾರಣವೂ ಮಾಹಿತಿಯೇ, ಆದರೆ ಬೇರೆ ತರಹದ್ದು. ಅವರು ಅಮೆರಿಕದ ಮಿನೆಸೋಟದಲ್ಲಿ ತುರ್ತುಚಿಕಿತ್ಸೆಯ ವೈದ್ಯರು. ಆ ಸೀಮೆಯದೇ ಒಂದು ಪುಟ್ಟ ಊರಿನ ಆಸ್ಪತ್ರೆ, ಅಲ್ಲಿ ದುಡಿಯುವ ಭಾರತೀಯ ಡಾಕ್ಟರುಗಳು, ಸಿಸೇರಿಯನ್ ಬೇಡವೆನ್ನುವ ಆಫ್ರಿಕನ್ ನಿರಾಶ್ರಿತ ಹೆಂಗಸರು. ಬೇಡವೆನ್ನುವ ಹಕ್ಕು ಹೆಂಗಸಿನದೋ, ಗಂಡನದೋ, ಸಮುದಾಯದ್ದೋ? ತಾವೂ ಹೊರಗಿನವರೇ ಆದ ಡಾಕ್ಟರುಗಳು ಬೇರೆ ಹೊರಗಿನವರನ್ನು ಹೇಗೆ ನೋಡುತ್ತಾರೆ? ಈ ಲೇಖಕರು ಕಲಿತದ್ದು ಗ್ರಂಥಾಲಯದಲ್ಲಲ್ಲ, ಪಾಳಿಯ ಮೇಲೆ. ವಿವರಿಸಿ ಹೇಳುವ ಅಗತ್ಯವೇ ಅವರಿಗೆ ಬೀಳುವುದಿಲ್ಲ.

ಇನ್ನು ವಿವೇಕ ಶಾನಭಾಗ. ‘ಘಾಚರ್ ಘೋಚರ್’ (2013) ಒಂದೇ ಸಲ ಕೂತು ಮುಗಿಸಬಹುದಾದ ಪುಸ್ತಕ. ಇರುವೆ ಮುತ್ತುವ ಬಾಡಿಗೆ ಮನೆಯಿಂದ ಚಿಕ್ಕಪ್ಪನ ಸೋನಾ ಮಸಾಲದ ದುಡ್ಡಿಗೆ ಏರಿದ ಬೆಂಗಳೂರಿನ ಸಂಸಾರ. ಆ ವ್ಯಾಪಾರ ಹೇಗೆ ನಡೆಯುತ್ತದೆಂದು ಲೇಖಕರಿಗೆ ಗೊತ್ತಿಲ್ಲದೆಯೇ? ನಮಗೆ ಸಿಗುವುದು ಬೇಕಾದಷ್ಟೇ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಓಡಿಸುವ ಪ್ರಸಂಗವೊಂದು ಇದರಲ್ಲಿದೆ. ಓದುವಾಗ ನನ್ನ ಹೊಟ್ಟೆ ತೊಳಸಿತು. ಸೊಸೆ ಅನಿತಾಗೆ ಏನಾಯಿತು ಎಂದು ಪುಸ್ತಕ ಹೇಳುವುದಿಲ್ಲ. ನಮ್ಮ ಎದೆ ಹೇಳಿಬಿಡುತ್ತದೆ. ‘ಸಕೀನಾಳ ಮುತ್ತು’ (2021) ಇದೇ ಜಾಡಿನದು. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ನಂಬಿ ಬೆಳೆದ ಗಂಡಸಿಗೆ ಸ್ವಂತ ಮಗಳು ರೇಖಾ ಏನು ಯೋಚಿಸುತ್ತಾಳೆಂದೇ ತಿಳಿಯದು. ನಮ್ಮ ಕಾಲದ ರಾಜಕೀಯ ಭಾಷಣ ಮಾಡದೆ ಹೀಗೆ ನಡುಮನೆಗೆ ಬಂದು ಕೂರಬಲ್ಲದು ಎಂದು ತೋರಿಸಿದ ಕಾದಂಬರಿ ಅದು. ಕೊನೆಯ ಭಾಗ ಸ್ವಲ್ಪ ಎಳೆದಾಡಿತು ಎನ್ನುವುದನ್ನೂ ಹೇಳಿಬಿಡಬೇಕು.

ಹೊಸ ಓದುಗರಿಗೆ ಇವೆಲ್ಲ ಭಾರವೆನಿಸಿದರೆ ಅನುಷ್ ಶೆಟ್ಟಿಯವರ ‘ಹುಲಿ ಪತ್ರಿಕೆ’ಯಂಥವು ಇವೆ. ಕಾಲೇಜಿನ ಹುಡುಗರ ಕೈಯಲ್ಲಿ ಕನ್ನಡ ಪುಸ್ತಕ ಕಾಣಿಸುವಂತೆ ಮಾಡಿದವರಲ್ಲಿ ಅವರೂ ಒಬ್ಬರು. ಭಾಷೆ ಇನ್ನೂ ಬಿಗಿಯಾಗಬೇಕು, ಆದರೆ ಪುಟ ಮಗುಚುವಂತೆ ಮಾಡುವುದು ಕಲಿಸಿಕೊಟ್ಟು ಬರುವಂಥದ್ದಲ್ಲ.

ಯಾವುದರಿಂದ ಶುರುಮಾಡಲಿ ಎಂದು ಕೇಳುವವರಿಗೆ ನನ್ನ ಸಲಹೆ: ಮೊದಲು ‘ಘಾಚರ್ ಘೋಚರ್’, ಆಮೇಲೆ ‘ಹಿಜಾಬ್’, ರಜೆ ಸಿಕ್ಕಾಗ ‘ತೇಜೋ-ತುಂಗಭದ್ರಾ’. ಎರವಲು ಕೇಳಬೇಡಿ, ಕೊಂಡು ಓದಿ.