ಸುತ್ತು ಕಡಿಮೆ, ವೇಗ ಹೆಚ್ಚು

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರಸಿ ಕಲ್ಲು ಕೊಯ್ಯುವ ಕೈಮಷಿನ್ನಿನ ಮೋಟಾರೂ ಸ್ಲಾಟ್ ಕಾರ್ ರೇಸಿನ ಪುಟ್ಟ ಮೋಟಾರೂ ಹತ್ತಿರದ ನೆಂಟರು. ಎರಡರಲ್ಲೂ ತಾಮ್ರದ ತಂತಿ ಸುತ್ತಿದ ಆರ್ಮೇಚರ್ ತಿರುಗುತ್ತದೆ. ಎರಡಕ್ಕೂ ಕರೆಂಟು ಬರುವುದು ಕಾರ್ಬನ್ ಬ್ರಷ್ ಮತ್ತು ಕಮ್ಯುಟೇಟರ್ ದಾಟಿ. ಸ್ಲಾಟ್ ಕಾರೆಂದರೆ ಟ್ರ್ಯಾಕಿನಲ್ಲಿ ತೋಡಿದ ಸೀಳಿನ ಗುಂಟ ಓಡುವ, ಸೀಳಿನ ಅಕ್ಕಪಕ್ಕದ ಲೋಹದ ಪಟ್ಟಿಗಳಿಂದ ಕರೆಂಟು ಪಡೆಯುವ ಆಟದ ಕಾರು. ಫ್ರೆಡ್ ಫ್ರಾನ್ಸಿಸ್ ಅವರ ಸ್ಕೇಲೆಕ್ಸ್‌ಟ್ರಿಕ್ 1957ರಲ್ಲಿ ಇಂಗ್ಲೆಂಡಿನಲ್ಲಿ ಈ ಆಟವನ್ನು ಜನಪ್ರಿಯಗೊಳಿಸಿತು. ಅದರಲ್ಲಿ ಮೋಟಾರಿಗೆ ಹದ ಕೊಡುವವರು ಹಾಕುವ ಲೆಕ್ಕ ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವ ಲೆಕ್ಕವೇ.

ತಿರುಗುವ ಆರ್ಮೇಚರ್ ತಾನೂ ಒಂದು ಜನರೇಟರ್. ಒಳಗೆ ಬರುವ ವೋಲ್ಟೇಜಿಗೆ ಎದುರಾಗಿ ತನ್ನದೊಂದು ವೋಲ್ಟೇಜನ್ನು ಅದು ಹುಟ್ಟಿಸುತ್ತದೆ. ಎರಡೂ ಹೆಚ್ಚುಕಡಿಮೆ ಸಮವಾಗುವ ತನಕ ವೇಗ ಏರುತ್ತದೆ. ಸುತ್ತುಗಳು ಕಡಿಮೆಯಾದರೆ ಅದೇ ಎದುರು ವೋಲ್ಟೇಜ್ ಹುಟ್ಟಿಸಲು ಇನ್ನೂ ಜೋರಾಗಿ ತಿರುಗಬೇಕು. ಆಯಸ್ಕಾಂತ ದುರ್ಬಲವಾದಾಗಲೂ ಬರಿ ಓಟದ ವೇಗ ಏರುವುದು ಇದೇ ಕಾರಣಕ್ಕೆ. ಆದರೆ ಎಳೆಯುವ ಶಕ್ತಿ ಕುಗ್ಗಿರುತ್ತದೆ. ಹೊರೆಯಿಲ್ಲದೆ ಕಿರ್‍ರೆಂದು ಓಡುವುದನ್ನು ಕೇಳಿ ಮೋಟಾರು ಚೆನ್ನಾಗಿದೆ ಎಂದು ತೀರ್ಮಾನಿಸಬಾರದು.

12 ವೋಲ್ಟಿನಲ್ಲಿ ಓಡುವ ಸ್ಲಾಟ್ ಕಾರ್ ಮೋಟಾರಿನ ಒಂದು ಉದಾಹರಣೆ ನೋಡಿ. ಪ್ರತಿ ಕಾಯಿಲಿನಲ್ಲಿ 60 ಸುತ್ತು ಇದ್ದದ್ದನ್ನು ಬಿಚ್ಚಿ, ಎರಡರಷ್ಟು ಅಡ್ಡಕೊಯ್ತದ ತಂತಿಯಲ್ಲಿ 30 ಸುತ್ತು ಹಾಕುತ್ತೇವೆ. ಜಾಗ ಅಷ್ಟೇ ಹಿಡಿಯುತ್ತದೆ. ತಂತಿಯ ಉದ್ದ ಅರ್ಧ, ಅಡ್ಡಕೊಯ್ತ ಎರಡರಷ್ಟು. ಹಾಗಾಗಿ ಪ್ರತಿರೋಧ ಕಾಲುಭಾಗಕ್ಕೆ ಇಳಿಯಿತು. ಅದೇ 12 ವೋಲ್ಟಿಗೆ ವೇಗ ಸುಮಾರು ಇಮ್ಮಡಿ. ನಿಂತ ಮೋಟಾರು ಎಳೆದುಕೊಳ್ಳುವ ಕರೆಂಟು ನಾಲ್ಕು ಪಟ್ಟು. ಪ್ರತಿ ಆಂಪಿಯರಿನ ತಿರುಚುಬಲ ಅರ್ಧವಾದರೂ ಒಟ್ಟು ತಿರುಚುಬಲ ಎರಡರಷ್ಟಾಗುತ್ತದೆ. ಹಾಗಾದರೆ ನಷ್ಟ ಎಲ್ಲಿ? ಮೊದಲಿನಷ್ಟೇ ಎಳೆತಕ್ಕೆ ಈಗ ಇಮ್ಮಡಿ ಕರೆಂಟು ಬೇಕು. ಪ್ರತಿರೋಧ ಕಾಲುಭಾಗವಾದ್ದರಿಂದ ತಂತಿಯ ಬಿಸಿ ಹೆಚ್ಚುವುದಿಲ್ಲ. ಪೆಟ್ಟು ಬೀಳುವುದು ಬ್ರಷ್ ಮತ್ತು ಕಮ್ಯುಟೇಟರ್ ಮೇಲೆ: ಕಿಡಿ ಹೆಚ್ಚು, ಸವೆತ ಹೆಚ್ಚು. ವೇಗ ಏರಿದಂತೆ ಆರ್ಮೇಚರಿನ ಕಬ್ಬಿಣವೂ ಕಾಯುತ್ತದೆ.

ಕಲ್ಲಿನ ಮಷಿನ್ನಿನಲ್ಲಿ ಈ ಪ್ರಯೋಗ ಸಲ್ಲದು. ಅಲ್ಲಿ ಆಯಸ್ಕಾಂತದ ಬದಲು ಫೀಲ್ಡ್ ಕಾಯಿಲ್ ಇದೆ, ಆರ್ಮೇಚರಿನ ಜತೆ ಒಂದೇ ಸರಣಿಯಲ್ಲಿ. ಎಸಿ ಕರೆಂಟು ದಿಕ್ಕು ಬದಲಿಸಿದಾಗ ಎರಡೂ ಒಟ್ಟಿಗೆ ತಿರುವುಮುರುವಾಗುವುದರಿಂದ ತಿರುಗುವ ದಿಕ್ಕು ಕೆಡದು. ಸುಮಾರು 110 ಮಿ.ಮೀ. ಬ್ಲೇಡ್ ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿರುತ್ತದೆ. ಬ್ಲೇಡ್ ತಾಳುವ ವೇಗಕ್ಕೆ ಮಿತಿಯಿದೆ, ಅದನ್ನು ಮೀರಿದರೆ ಜೀವಕ್ಕೇ ಅಪಾಯ. ಆದ್ದರಿಂದ ನಿಜವಾದ ಕಸುಬುದಾರ ಸುಟ್ಟ ಆರ್ಮೇಚರ್ ಬಿಚ್ಚುವಾಗಲೇ ಸುತ್ತು ಎಣಿಸುತ್ತಾನೆ, ತಂತಿಯ ಗೇಜ್ ಅಳೆಯುತ್ತಾನೆ, ಕಾಯಿಲಿನ ಯಾವ ತುದಿ (ಲೀಡ್) ಕಮ್ಯುಟೇಟರಿನ ಯಾವ ಸೆಗ್ಮೆಂಟಿಗೆ ಬೆಸೆದಿತ್ತು ಎಂದು ಗುರುತು ಹಾಕುತ್ತಾನೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಗೌರವ ಸಲ್ಲಬೇಕಾದ ಹಂತ ಇದೇ.

ಆ ಗುರುತು ಯಾಕೆ ಅಷ್ಟು ಮುಖ್ಯ? ಕಾಯಿಲಿನ ಕರೆಂಟು ದಿಕ್ಕು ಬದಲಿಸಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ವೇಗ ಹೆಚ್ಚಿದಷ್ಟೂ ಆ ಬದಲಾವಣೆಯನ್ನು ಮುಂಚಿತವಾಗಿ ಶುರುಮಾಡಬೇಕು. ಸ್ಲಾಟ್ ಕಾರಿನವರು ಇದಕ್ಕಾಗಿ ಕಮ್ಯುಟೇಟರನ್ನು ಶಾಫ್ಟಿನ ಮೇಲೆ ಕೆಲವು ಡಿಗ್ರಿ ಸರಿಸಿ ಕೂರಿಸುತ್ತಾರೆ. ಅಂಥ ಮೋಟಾರು ಹಿಂದಕ್ಕೆ ತಿರುಗಿಸಿದರೆ ಸೊರಗುತ್ತದೆ. ಕಲ್ಲಿನ ಮಷಿನ್ನಿನಲ್ಲಿ ಅದೇ ಕೆಲಸ ಮಾಡುವುದು ಲೀಡ್‌ಗಳ ಜಾಗ. ಒಂದು ಸೆಗ್ಮೆಂಟ್ ತಪ್ಪಿದರೂ ಬ್ರಷ್ ಸುತ್ತ ಕಿಡಿ ಹಾರುತ್ತದೆ.

ಇನ್ನು ತೂಕದ ಸಮತೋಲ. ನಿಮಿಷಕ್ಕೆ 30,000 ಸುತ್ತಿನಲ್ಲಿ, ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ 0.1 ಗ್ರಾಂ ವಾರ್ನಿಷ್ ಒಂದೇ ಕಡೆ ಹೆಚ್ಚಾಗಿ ಅಂಟಿದ್ದರೆ, ಅದು ಬೇರಿಂಗನ್ನು ಸುಮಾರು ಒಂದು ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ವೇಗ ಇಮ್ಮಡಿಯಾದರೆ ಆ ಎಳೆತ ನಾಲ್ಕು ಪಟ್ಟು.

ರೇಸಿನ ಕಾರಿಗೆ ಇಲ್ಲದ ಒಂದು ವೈರಿ ನಮ್ಮ ಮಷಿನ್ನಿಗಿದೆ: ಫರಸಿಯ, ಅಂದರೆ ಸುಣ್ಣಕಲ್ಲಿನ, ಬಿಳಿ ಪುಡಿ. ಗಾಳಿಕಂಡಿಯಲ್ಲಿ ಅದು ಕೂತರೆ ಫ್ಯಾನು ಊದಿದರೂ ಬಿಸಿ ಹೊರಗೆ ಹೋಗುವುದಿಲ್ಲ. ತಾಮ್ರ ಬಿಸಿಯೇರಿದ ಪ್ರತಿ ಡಿಗ್ರಿಗೆ ಪ್ರತಿರೋಧ ಶೇ 0.4ರಷ್ಟು ಏರುತ್ತದೆ. ಕಂಡಿಯ ಪುಡಿ ಊದದೆ ಬರಿ ಹೊಸ ವೈಂಡಿಂಗ್ ಹಾಕಿಸಿದರೆ ಆ ಆರ್ಮೇಚರೂ ಹಳೆಯದರ ದಾರಿಯಲ್ಲೇ ಸುಡುತ್ತದೆ.