ಹವಳಕ್ಕೆ ಬೇಕಾದ ಆರು ವರ್ಷ

ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳಲ್ಲಿ 1998ರಲ್ಲಿ ಶೇ 37ರಷ್ಟು ಜಾಗವನ್ನು ಜೀವಂತ ಹವಳ ಆವರಿಸಿತ್ತು. 2022ರಲ್ಲಿ ಉಳಿದದ್ದು ಶೇ 20ಕ್ಕೂ ಕಡಿಮೆ. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 24 ವರ್ಷಗಳ ಕಾಲ ಈ ದಿಬ್ಬಗಳಿಗೆ ಮತ್ತೆ ಮತ್ತೆ ಇಳಿದು ಅಳೆದು ಕೊಟ್ಟ ಲೆಕ್ಕ ಇದು. ಒಂದೇ ತಲೆಮಾರಿನೊಳಗೆ ಹೆಚ್ಚುಕಡಿಮೆ ಅರ್ಧ ಹವಳ ಹೋಯಿತು.

ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತಿದೆ. ಕಡಲು ಅತಿಯಾಗಿ ಬಿಸಿಯಾಗಿ ಹವಳ ಸತ್ತ ಮೇಲೆ ಮೊದಲ ಕೆಲವು ವರ್ಷ ಚೇತರಿಕೆ ತೀರಾ ನಿಧಾನವಾಗಿರುತ್ತದೆ. ಸುಮಾರು ಆರು ವರ್ಷ ಇನ್ನೊಂದು ಹೊಡೆತ ಬೀಳದಿದ್ದರೆ ಮಾತ್ರ ಅದು ವೇಗ ಹಿಡಿಯುತ್ತದೆ. ಲಕ್ಷದ್ವೀಪಕ್ಕೆ ಹೊಡೆತ ಬಿದ್ದದ್ದು 1998, 2010 ಮತ್ತು 2016ರಲ್ಲಿ. 2016ರ ಬಳಿಕ ಆರು ವರ್ಷ ತುಂಬಿದ್ದು 2022ಕ್ಕೆ. ಇನ್ನೇನು ಚಿಗುರಬೇಕು ಎನ್ನುವಷ್ಟರಲ್ಲಿ, 2023ರ ಅಕ್ಟೋಬರ್ ಕೊನೆಯಿಂದ ಕಡಲು ಮತ್ತೆ ಕಾಯತೊಡಗಿತು. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಗಟ್ಟಿ ಹವಳಗಳು ವ್ಯಾಪಕವಾಗಿ ಬಿಳಿಚಿವೆ ಎಂದು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಎಚ್ಚರಿಸಿತು. ಅಲ್ಲಿಂದ ಎಣಿಸಿದರೆ ಹವಳಕ್ಕೆ ಬೇಕಾದ ಬಿಡುವು 2030ರವರೆಗೆ. ಅದು ಸಿಗುವ ಲಕ್ಷಣ ಕಾಣುತ್ತಿಲ್ಲ. ಇದೇ ಹೊತ್ತಿಗೆ ಆ ದಿಬ್ಬಗಳ ಮೇಲೆ ಈಜಲು ಹೊರಟವರ ಸಾಲು ಬೆಳೆಯುತ್ತಿದೆ.

ಬಿಳಿಚುವುದು ಎಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಹವಳ ಕಲ್ಲಿನಂತೆ ಕಂಡರೂ ಪ್ರಾಣಿ. ಒಂದು ಕೊಂಬೆಯ ಮೇಲೆ ಸಾವಿರಾರು ಪುಟ್ಟ ಜೀವಿಗಳು, ಒಂದೊಂದಕ್ಕೂ ಬಾಯಿ, ಬಾಯಿಯ ಸುತ್ತ ಕಿರುಬೆರಳುಗಳಂಥ ಎಳೆಗಳು. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳಿರುತ್ತವೆ. ಬಿಸಿಲಿನಿಂದ ಪಾಚಿ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಊಟ. ಬೇಕಾದ ಶಕ್ತಿಯ ಶೇ 90ರವರೆಗೂ ಇಲ್ಲಿಂದಲೇ ಬರಬಹುದು. ನಾವು ಮೆಚ್ಚಿಕೊಳ್ಳುವ ಕಂದು, ಹಸಿರು ಬಣ್ಣಗಳೂ ಬಹುಪಾಲು ಪಾಚಿಯವೇ. ನೀರು ತೀರಾ ಬಿಸಿಯಾದಾಗ ಪಾಚಿಯ ಒಳಗಿನ ಕೆಲಸ ಕೆಟ್ಟು ಅದು ಹವಳಕ್ಕೆ ವಿಷವಾಗುವ ಆಮ್ಲಜನಕದ ರೂಪಗಳನ್ನು ಹೊರಬಿಡುತ್ತದೆ. ಆಗ ಹವಳ ತನ್ನ ಅನ್ನದಾತನನ್ನೇ ಮೈಯಿಂದ ಹೊರಹಾಕುತ್ತದೆ. ಉಳಿಯುವುದು ಗಾಜಿನಂತೆ ಪಾರದರ್ಶಕವಾದ ಚರ್ಮ, ಅದರಡಿಯಲ್ಲಿ ಸುಣ್ಣದ ಬಿಳಿ ಅಸ್ಥಿಪಂಜರ. ಆ ಹೊತ್ತಿನಲ್ಲಿ ಹವಳ ಇನ್ನೂ ಬದುಕಿದೆ, ಹಸಿದಿದೆ. ಕೆಲವೇ ವಾರಗಳಲ್ಲಿ ನೀರು ತಣಿದರೆ ಪಾಚಿ ಮರಳಬಹುದು. ತಣಿಯದಿದ್ದರೆ ಆ ಬಿಳಿಯ ಮೇಲೆ ಬೇರೆಯೇ ಜಾತಿಯ ಪಾಚಿ ಕೂದಲಿನಂತೆ ಹಬ್ಬಿಕೊಳ್ಳುತ್ತದೆ. ಮತ್ತೆ ಅಲ್ಲಿ ಎಳೆಯ ಹವಳ ನೆಲೆಯೂರುವುದು ಕಷ್ಟ.

ಇದಕ್ಕೆ ದೊಡ್ಡ ಏರಿಕೆಯೇನೂ ಬೇಕಿಲ್ಲ. ಆಯಾ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಶಾಖ ನಾಲ್ಕು ವಾರ ನಿಂತರೆ ಹವಳ ಬಿಳಿಚತೊಡಗುತ್ತದೆ, ಎಂಟು ವಾರ ನಿಂತರೆ ದೊಡ್ಡ ಪ್ರಮಾಣದಲ್ಲಿ ಸಾಯುತ್ತದೆ. ವಿಜ್ಞಾನಿಗಳು ಶಾಖವನ್ನು ಹೀಗೆ ವಾರಗಳ ಲೆಕ್ಕದಲ್ಲೇ ಕೂಡಿಸುತ್ತಾರೆ. 2024ರಲ್ಲಿ ಲಕ್ಷದ್ವೀಪದಲ್ಲಿ ಈ ಲೆಕ್ಕ ನಾಲ್ಕನ್ನು ದಾಟಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾ, ಜಗತ್ತಿನ ನಾಲ್ಕನೆಯ ಜಾಗತಿಕ ಹವಳ ಬಿಳಿಚುವಿಕೆ ನಡೆಯುತ್ತಿದೆ ಎಂದು ಘೋಷಿಸಿತು. 2025ರ ಹೊತ್ತಿಗೆ ಭೂಮಿಯ ಹವಳ ಪ್ರದೇಶದ ಶೇ 80ಕ್ಕೂ ಹೆಚ್ಚು ಭಾಗ ಬಿಳಿಚುವಷ್ಟು ಶಾಖವನ್ನು ಉಂಡಿತ್ತು.

ಲಕ್ಷದ್ವೀಪಕ್ಕೆ ಬಿದ್ದ ಹೊಡೆತಗಳೆಲ್ಲ ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಜೊತೆಗೇ ಬಂದವು. ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ಹಿಂದೆ ಅವುಗಳಲ್ಲಿ ತೀವ್ರವಾದವು ಮಾತ್ರ ಹವಳವನ್ನು ಕೊಲ್ಲುತ್ತಿದ್ದವು. ಈಗ ಕಡಲಿನ ಮೂಲ ಶಾಖವೇ ಏರಿರುವುದರಿಂದ ಸಾಧಾರಣ ಎಲ್ ನಿನೊ ಕೂಡ ಗೆರೆ ದಾಟಿಸಬಲ್ಲದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಪರಿಸ್ಥಿತಿ ಇನ್ನೂ ಮುಂದೆ ಹೋಗಿದೆ. ಅಲ್ಲಿ 2016, 2017, 2020, 2022, 2024 ಮತ್ತು 2025ರಲ್ಲಿ ಸಾಮೂಹಿಕ ಬಿಳಿಚುವಿಕೆ ಕಂಡಿತು. 2022ರಲ್ಲಂತೂ ನೀರು ತಣ್ಣಗಿರಬೇಕಾದ ಲಾ ನಿನಾ ಇತ್ತು. ಆದರೂ ಹವಳ ಬಿಳಿಚಿತು. ಜಗತ್ತಿನ ಸರಾಸರಿ ತಾಪಮಾನ 1.5 ಡಿಗ್ರಿ ಏರಿದರೆ ಈಗಿರುವ ಹವಳದಲ್ಲಿ ಶೇ 70ರಿಂದ 90, ಎರಡು ಡಿಗ್ರಿ ಏರಿದರೆ ಶೇ 99ಕ್ಕೂ ಹೆಚ್ಚು ನಾಶವಾಗುತ್ತದೆ ಎಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2018ರಲ್ಲೇ ಹೇಳಿದೆ.

ಹವಳ ಹೋದರೆ ಪ್ರವಾಸಿಗೆ ಒಂದು ನೋಟ ಹೋಗುತ್ತದೆ, ದ್ವೀಪದವರಿಗೆ ನೆಲವೇ ಹೋಗುತ್ತದೆ. ಲಕ್ಷದ್ವೀಪದ 36 ದ್ವೀಪಗಳೆಲ್ಲ ಸೇರಿ 32 ಚದರ ಕಿಲೋಮೀಟರ್. ಹತ್ತರಲ್ಲಿ ಮಾತ್ರ ಜನವಸತಿ, 2011ರ ಜನಗಣತಿಯಂತೆ 64 ಸಾವಿರ ಮಂದಿ. ಬಹುತೇಕ ನೆಲ ಕಡಲಮಟ್ಟದಿಂದ ಒಂದೆರಡು ಮೀಟರ್ ಎತ್ತರವಷ್ಟೇ. ಮಳೆಗಾಲದ ಅಲೆಗಳ ರಭಸವನ್ನು ಹೊರಗೇ ಮುರಿಯುವುದು ಹವಳದ ದಿಬ್ಬ. ಹಲವು ದೇಶಗಳ ಮಾಪನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ ಶೇ 97ರಷ್ಟು ತಗ್ಗಿಸುತ್ತವೆ ಎಂದು ತೋರಿಸಿತು. ಬಂಗಾರಂ ದ್ವೀಪದ ಬಳಿ ಪರಳಿ ಎಂಬ ಹೆಸರಿನ ನಿರ್ಜನ ನಡುಗಡ್ಡೆಯೊಂದು 1968ರಲ್ಲಿ ಸುಮಾರು ಮೂರು ಹೆಕ್ಟೇರ್ ಇತ್ತು. ಕೊರೆತಕ್ಕೆ ಸಿಕ್ಕಿ ಅದು ಪೂರ್ತಿ ಮಾಯವಾಗಿರುವುದನ್ನು 2017ರಲ್ಲಿ ಸಂಶೋಧಕರೊಬ್ಬರು ದಾಖಲಿಸಿದರು. ಮಿನಿಕಾಯ್ ದ್ವೀಪದವರ ಟ್ಯೂನಾ ಬೇಟೆಯೂ ಹವಳವನ್ನೇ ನೆಚ್ಚಿದೆ. ಅವರು ಲಗೂನಿನ, ಅಂದರೆ ದಿಬ್ಬದ ಒಳಗಿನ ಶಾಂತ ನೀರಿನ, ಹವಳದ ನಡುವೆ ಸಣ್ಣ ಮೀನು ಹಿಡಿದು, ಜೀವಂತ ಇಟ್ಟುಕೊಂಡು, ಹೊರಗಡಲಿನಲ್ಲಿ ಅದನ್ನು ಎರಚಿ, ಟ್ಯೂನಾವನ್ನು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಆ ಸಣ್ಣ ಮೀನಿಲ್ಲದೆ ಈ ಕಸುಬಿಲ್ಲ.

ನಮಗೆ ಈ ದ್ವೀಪದವರು ದೂರದವರೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ಬಂದವು. ಮರುತಿಂಗಳ ಮಧ್ಯಂತರ ಬಜೆಟ್ ಅಲ್ಲಿನ ಪ್ರವಾಸಿ ಸೌಕರ್ಯ ಹೆಚ್ಚಿಸುವ ಮಾತಾಡಿತು. ಹವಳ ಬಿಳಿಚಿದ್ದೂ ಅದೇ ಬೇಸಿಗೆಯಲ್ಲಿ. ದ್ವೀಪದವರಿಗೆ ಆದಾಯ ಬೇಕು, ಅದನ್ನು ಬೇಡವೆನ್ನುವ ಹಕ್ಕು ನನಗಿಲ್ಲ. ಪ್ರವಾಸಿಯ ಕಾಲು ತಗುಲಿ ಹೋಗುವ ಹವಳ ಬಿಸಿಗೆ ಸಾಯುವ ಹವಳದ ಮುಂದೆ ಅಲ್ಪ ಎಂಬುದೂ ನಿಜ. ಆದರೆ ಕಾಲು ತಗುಲುವುದು ಎಲ್ಲಿ? ದೋಣಿ ಸುಲಭವಾಗಿ ತಲಪುವ, ನೀರು ತಿಳಿಯಾಗಿರುವ, ಆಳ ಕಡಿಮೆಯಿರುವ ಕಡೆ. ಬಿಸಿಯ ಹೊಡೆತದಿಂದ ಚೇತರಿಸಿಕೊಳ್ಳುತ್ತಿರುವ ಹವಳವೂ ಅಲ್ಲೇ ಇರುತ್ತದೆ. ವಿಷಮಜ್ವರದಿಂದ ಎದ್ದವರಿಗೆ ನೆಗಡಿಯೂ ಭಾರ. ಬೆರಳುದ್ದದ ಹೊಸ ಕೊಂಬೆ ಒಂದು ಒದೆತಕ್ಕೆ ಮುರಿದರೆ ಒಂದು ವರ್ಷದ ಬೆಳವಣಿಗೆ ಹೋಯಿತು. ದುಂಡನೆಯ ಬಂಡೆಹವಳವಾದರೆ ವರ್ಷಕ್ಕೆ ಬೆಳೆಯುವುದೇ ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು.

ಕೆರಿಬಿಯನ್‌ನ ಸೇಂಟ್ ಲೂಸಿಯಾದಲ್ಲಿ ಡೈವರ್‌ಗಳನ್ನು ಅವರಿಗರಿವಿಲ್ಲದೆ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮುಕ್ಕಾಲು ಪಾಲು ಮಂದಿ ಒಮ್ಮೆಯಾದರೂ ಹವಳಕ್ಕೆ ಮೈ ತಾಗಿಸಿದ್ದರು. ಹೆಚ್ಚಿನವು ಕಾಲಿಗೆ ಕಟ್ಟಿದ ಫಿನ್‌ಗಳ ಪೆಟ್ಟು. ಕ್ಯಾಮೆರಾ ಹಿಡಿದವರು ಇತರರಿಗಿಂತ ಹೆಚ್ಚು ತಾಗಿಸಿದ್ದರು. ಇಳಿಯುವ ಮುನ್ನ ದೋಣಿಯಲ್ಲಿ ಹೇಳಿದ ಒಂದು ಸಾಲಿನ ಎಚ್ಚರಿಕೆಯಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಮಾರ್ಗದರ್ಶಿ ನೀರಿನೊಳಗೆ ಕಣ್ಣಿಟ್ಟು, ತಪ್ಪಿದವರನ್ನು ಅಲ್ಲೇ ತಿದ್ದಿದಾಗ ಮಾತ್ರ ತಾಗಿಸುವುದು ತುಂಬಾ ಇಳಿಯಿತು. ‘ಹವಳ ಮುಟ್ಟಬೇಡಿ’ ಎಂಬ ಫಲಕ ಹಾಕಿ ಕೈತೊಳೆದುಕೊಳ್ಳುವವರೆಲ್ಲ ಓದಬೇಕಾದ ಫಲಿತಾಂಶ ಇದು. ಮಾರ್ಗದರ್ಶಿಯೊಬ್ಬನಿಗೆ ಎಷ್ಟು ಮಂದಿ ಎಂಬ ಸಂಖ್ಯೆಯೇ ಇಲ್ಲಿ ನಿರ್ಣಾಯಕ.

ಇನ್ನು ಲಂಗರು. ಈಜುಗಾರನ ಕಾಲು ಕೊಂಬೆ ಮುರಿಯುತ್ತದೆ, ಲಂಗರು ಬಂಡೆಯನ್ನೇ ಕಿತ್ತು ಮಗುಚುತ್ತದೆ. ಅದಕ್ಕಿಂತಲೂ ಕೆಟ್ಟದ್ದು ಅದರ ಸರಪಳಿ. ಗಾಳಿ ದಿಕ್ಕು ಬದಲಿಸಿ ದೋಣಿ ತಿರುಗಿದಂತೆಲ್ಲ ತಳದಲ್ಲಿ ಬಿದ್ದ ಸರಪಳಿ ಕಮಾನಿನಾಕಾರದಲ್ಲಿ ಎಲ್ಲವನ್ನೂ ಸವರಿಹಾಕುತ್ತದೆ. ಹಾಯಿದೋಣಿ ಬಾಡಿಗೆ ಪಡೆದು ದ್ವೀಪದಿಂದ ದ್ವೀಪಕ್ಕೆ ಹೋಗುವ ರಜೆಗೆ ಹೆಸರಾದ ಆಸ್ಟ್ರೇಲಿಯಾದ ವಿಟ್‌ಸಂಡೇ ದ್ವೀಪಗಳಲ್ಲಿ ಇದಕ್ಕೆಂದೇ ಪಿರಮಿಡ್ ಆಕಾರದ ಬಿಳಿ ತೇಲುಗುರುತುಗಳಿವೆ. ಆ ಗೆರೆಯಿಂದ ದಡದ ಕಡೆಗೆ ಲಂಗರು ಇಳಿಸುವಂತಿಲ್ಲ. ದೋಣಿ ಕಟ್ಟಲು ತಳಕ್ಕೆ ಬಿಗಿದ ಸಾರ್ವಜನಿಕ ತೇಲುಗೂಟಗಳಿವೆ. ಥಾಯ್ಲೆಂಡ್‌ನ ಮಾಯಾ ಬೇ ಕೊಲ್ಲಿಗೆ ದಿನಕ್ಕೆ ಐದು ಸಾವಿರದವರೆಗೂ ಜನ ಬರುತ್ತಿದ್ದರು. ಹವಳ ಹಾಳಾದ ಮೇಲೆ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿ, 2022ರ ಜನವರಿಯಲ್ಲಿ ತೆರೆದಾಗ ಕೊಲ್ಲಿಯೊಳಗೆ ದೋಣಿಗಳನ್ನು ಬಿಡಲಿಲ್ಲ. ಅದಕ್ಕೂ ಮುನ್ನ, 2010ರ ಬಿಳಿಚುವಿಕೆಯ ಬಳಿಕ, ಅದೇ ದೇಶ 18 ಡೈವಿಂಗ್ ತಾಣಗಳನ್ನು ಮುಚ್ಚಿತ್ತು. ಹವಳಕ್ಕೆ ಬಿಡುವು ಕೊಡುವುದು ಆಡಳಿತಕ್ಕೆ ಆಗದ ಕೆಲಸವಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ಮುನ್ಸೂಚನೆಯೂ ಇದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹಗಳು ಅಳೆದ ಕಡಲಶಾಖವನ್ನು ಆಧರಿಸಿ ಲಕ್ಷದ್ವೀಪಕ್ಕೂ ಹವಳ ಬಿಳಿಚುವಿಕೆಯ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ಬಂದ ದಿನದಿಂದ ಆಳ ಕಡಿಮೆಯಿರುವ ದಿಬ್ಬಗಳಲ್ಲಿ ಡೈವಿಂಗ್, ಸ್ನಾರ್ಕೆಲಿಂಗ್ ನಿಲ್ಲಬೇಕು ಎಂಬ ನಿಯಮವನ್ನು ಲಕ್ಷದ್ವೀಪ ಆಡಳಿತ ತರಬೇಕು. ಮುರುಡೇಶ್ವರದಿಂದ ದೋಣಿಗಳು ಹೋಗುವ ನೇತ್ರಾಣಿ ದ್ವೀಪದಲ್ಲೂ ಹವಳವಿದೆ. ಅಲ್ಲಿ ಲಂಗರಿಗೆ ಗೆರೆ, ಒಬ್ಬ ಮಾರ್ಗದರ್ಶಿಗೆ ಇಷ್ಟೇ ಮಂದಿ ಎಂಬ ಮಿತಿಯನ್ನು ಕಡ್ಡಾಯವಾಗಿ ಪಾಲಿಸುವಂತೆ ನೋಡಿಕೊಳ್ಳುವುದು ಕರ್ನಾಟಕದ ಹೊಣೆ. ಹವಳದ ತುಂಡನ್ನು, ಸತ್ತದ್ದನ್ನೂ, ಮನೆಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹೊರಟವರಿಗೆ ಒಂದು ಮಾತು. ಅರಬ್ಬಿ ಸಮುದ್ರ ಅತಿ ಹೆಚ್ಚು ಕಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮ ಮಕ್ಕಳ ಬೇಸಿಗೆ ರಜೆಯೂ ಆಗಲೇ. ಹವಳ ಅತ್ಯಂತ ಸಂಕಟದಲ್ಲಿರುವ ವಾರಗಳಲ್ಲೇ ನಾವು ಕುಟುಂಬ ಸಮೇತ ಅದರ ಮೇಲೆ ಈಜುತ್ತೇವೆ. ದಯವಿಟ್ಟು ಪ್ರವಾಸವನ್ನು ಡಿಸೆಂಬರ್, ಜನವರಿಗೆ ಹಾಕಿಕೊಳ್ಳಿ. ಸನ್‌ಸ್ಕ್ರೀನ್ ಬಳಿಯುವ ಬದಲು ತುಂಬುತೋಳಿನ ಈಜುಡುಗೆ ತೊಡಿ; ಹವಳಕ್ಕೆ ಹಾನಿಕರವೆನ್ನಲಾದ ಆಕ್ಸಿಬೆಂಜೋನ್ ರಾಸಾಯನಿಕ ಇರುವ ಲೇಪನಗಳನ್ನು ಪೆಸಿಫಿಕ್‌ನ ದ್ವೀಪರಾಷ್ಟ್ರ ಪಲಾವು 2020ರಿಂದಲೇ ನಿಷೇಧಿಸಿದೆ. ಈಜು ಬಾರದಿದ್ದರೆ ಮೊದಲು ಕೊಳದಲ್ಲಿ ಕಲಿಯಿರಿ, ಹವಳದ ಮೇಲೆ ಕಾಲೂರಿ ಕಲಿಯಬೇಡಿ. ಹಣ ಕಟ್ಟುವ ಮುನ್ನ ದೋಣಿಯವರನ್ನು ಎರಡು ಪ್ರಶ್ನೆ ಕೇಳಿ: ಲಂಗರು ಎಲ್ಲಿ ಇಳಿಸುತ್ತೀರಿ, ನೀರಿನೊಳಗೆ ನಮ್ಮ ಜೊತೆ ಎಷ್ಟು ಮಂದಿ ಮಾರ್ಗದರ್ಶಿಗಳು ಬರುತ್ತಾರೆ? ಸರಿಯಾದ ಉತ್ತರ ಬರದಿದ್ದರೆ ಬೇರೆ ದೋಣಿ ನೋಡಿ.